ಮಾರುವವನು ಅರಿಯದ ಬೆಲೆ

ಒಂದು ಹಳೆಯ ವಸ್ತುವಿನ ಬೆಲೆಯನ್ನು ಕೊಳ್ಳುವವನು ಬಲ್ಲನು, ಮಾರುವವನು ಅರಿಯನು. ಆಗ ಬಲ್ಲವನು ಬಾಯಿ ತೆರೆಯಬೇಕೋ, ಸುಮ್ಮನಿರಬಹುದೋ? ಇದು ಪಟ್ಟಣದವರ ಸಂಗತಿಯೆಂದು ಯಾರೂ ಪುಟ ತಿರುವಬೇಡಿರಿ. ನಮ್ಮ ಹಳ್ಳಿಗಳಿಗೂ ಗುಜರಿಯವನು ಬರುತ್ತಾನೆ. ಅಜ್ಜಿಯ ಕಂಚಿನ ತಟ್ಟೆಯನ್ನು ತಕ್ಕಡಿಗೆ ಹಾಕಿ ಪ್ಲಾಸ್ಟಿಕ್ ಕೊಡವನ್ನು ಕೊಟ್ಟು ಹೋಗುತ್ತಾನೆ.

ಬೆಂಗಳೂರಿನ ಪಡುವಣ ಭಾಗದಲ್ಲಿ ಈ ವ್ಯಾಪಾರವು ಬಹಳವಾಗಿ ನಡೆಯುತ್ತದೆ. 1949ರಲ್ಲಿ ಆರಂಭವಾದ ರಾಜಾಜಿನಗರದಲ್ಲಿಯೂ ಅದರ ನೆರೆಯ ಬಡಾವಣೆಗಳಲ್ಲಿಯೂ ಮೊದಲು ಕಟ್ಟಿದ ಮನೆಗಳು ಒಂದೊಂದಾಗಿ ಕೆಡವಲ್ಪಡುತ್ತವೆ. ಹಿರಿಯರು ತೀರಿಹೋದ ಮೇಲೆ ಮಕ್ಕಳು ತೇಗದ ಬಾಗಿಲು, ಹಿತ್ತಾಳೆಯ ಹಂಡೆ, ಗೋಡೆಗಡಿಯಾರ ಮುಂತಾದವುಗಳನ್ನು ಒಂದೇ ದಿನದಲ್ಲಿ ಕೊಟ್ಟು ಮುಗಿಸುತ್ತಾರೆ.

ಕೆಲವು ವರುಷಗಳ ಹಿಂದೆ ಕೆಂಗೇರಿಯ ಬಳಿ ಅಂಥಾ ಒಂದು ಮನೆಗೆ ನಾವು ಬಡಗಿಯಾದ ಮಿತ್ರನೊಬ್ಬನ ಸಂಗಡ ಹೋದೆವು. ಆ ಮನೆಯ ಯಜಮಾನನು ದಂಡಿನ ಕಡೆಯ ಒಂದು ಕ್ಲಬ್ಬಿನಲ್ಲಿ ಬಿಲಿಯರ್ಡ್ಸ್ ಆಟದ ಮಾರ್ಕರನಾಗಿ, ಅಂದರೆ ಆಟದ ಎಣಿಕೆ ಹೇಳುತ್ತಾ ಮೇಜನ್ನು ನೋಡಿಕೊಳ್ಳುವವನಾಗಿ, ದುಡಿದವನು. ಕ್ಲಬ್ಬಿನವರು ಬೇಡವೆಂದ ಹಳೆಯ ಮೇಜೊಂದನ್ನು ಬಿಚ್ಚಿ ತಂದು ಕೊಟ್ಟಿಗೆಯಲ್ಲಿ ಇಟ್ಟಿದ್ದನು. ಅವನು ತೀರಿಕೊಂಡ ಬಳಿಕ ಆತನ ವಿಧವೆಯು ಅದನ್ನು ಸೌದೆಯ ಬೆಲೆಗೆ ಕೊಡಲು ಒಪ್ಪಿದ್ದಳು.

ಪೂರ್ಣ ಅಳತೆಯ ಬಿಲಿಯರ್ಡ್ಸ್ ಮೇಜು ಸುಮಾರು 12 ಅಡಿ ಉದ್ದ, 6 ಅಡಿ ಅಗಲವುಳ್ಳದ್ದು. ಹಸಿರು ಬಟ್ಟೆಯ ಕೆಳಗೆ ಇರುವುದು ಹಲಗೆಯಲ್ಲ. ಶಾಲಾಮಕ್ಕಳ ಸ್ಲೇಟಿನ ಜಾತಿಯ ಕಲ್ಲು, ಸಾಮಾನ್ಯವಾಗಿ ಐದು ಚಪ್ಪಡಿಗಳಾಗಿ ಕೂಡಿಸಲ್ಪಟ್ಟಿರುತ್ತದೆ. ಲಂಡನ್ನಿನ ಜಾನ್ ಥರ್ಸ್ಟನ್ ಎಂಬವನು 1826ರಲ್ಲಿ ಮರದ ಬದಲಿಗೆ ಈ ಕಲ್ಲನ್ನು ಹಾಕಿದನು. ಯಾಕಂದರೆ ಮರವು ಮಳೆ ಬಿಸಿಲಿಗೆ ಸೊಟ್ಟಾಗುತ್ತದೆ, ಕಲ್ಲು ಹಾಗಾಗದು. ಕಲ್ಲಿನ ದೆಸೆಯಿಂದ ಮೇಜಿನ ತೂಕವು ಒಂದು ಟನ್ನನ್ನು ಮೀರುತ್ತದೆ. ಕಡೆದ ಎಂಟು ಕಾಲುಗಳು. ಅಂಚಿನಲ್ಲಿ ತಯಾರಕರ ಹೆಸರುಳ್ಳ ಸಣ್ಣ ತಗಡು. (ಇಂಗ್ಲಿಷ್ ದಂಡಿನವರು ಈ ಆಟವನ್ನು ಎಷ್ಟು ಹಚ್ಚಿಕೊಂಡಿದ್ದರೆಂದರೆ ಸ್ನೂಕರ್ ಎಂಬ ಅದರ ತಮ್ಮನು 1875ರಲ್ಲಿ ನಮ್ಮ ದೇಶದ ಜಬಲ್‌ಪುರದಲ್ಲಿಯೇ ಹುಟ್ಟಿದನು.) ಆದರೆ ಬಿಚ್ಚಿಟ್ಟಾಗ ಇದೆಲ್ಲಾ ಬಟ್ಟೆ ಒಗೆಯುವ ಕಲ್ಲು, ಮುರಿದ ಮಂಚ ಎಂಬಂತೆ ಕಾಣುತ್ತದೆ. ಧೂಳಿನೊಳಗಿಂದ ಆ ತಗಡನ್ನು ಒರಸಿ ನೋಡಿದ ನಮ್ಮ ಮಿತ್ರನಿಗೆ ಸಕಲವೂ ತಿಳಿಯಿತು.

"ಈ ಕಲ್ಲು ಯಾರಿಗೆ ಬೇಕಪ್ಪಾ?" ಎಂದು ಆ ಮುದುಕಿ ಕೇಳಿದಳು. "ಅಡಿಗೆಮನೆಯ ಕಟ್ಟೆಗೆ ಹಾಕಬಹುದಮ್ಮಾ" ಎಂದು ಮಿತ್ರನು ಹೇಳಿದನು. ನಾವು ಸುಮ್ಮನಿದ್ದೆವು. ಡಬ್ಬಿಯಲ್ಲಿದ್ದ ಮೂರು ದಂತದ ಚೆಂಡುಗಳನ್ನು ಮಾತ್ರ ಆತನು ಮುಟ್ಟಲಿಲ್ಲ; ಅದು ಧರ್ಮದಿಂದಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಭಯದಿಂದ. ದಂತದ ವ್ಯಾಪಾರವು ಈ ದೇಶದಲ್ಲಿ ನಿಷಿದ್ಧವಾಗಿದೆ.

ಹಿಂದಿರುಗುವಾಗ ಮೈಸೂರು ರಸ್ತೆಯಲ್ಲಿ ವಾದವು ಹತ್ತಿತು. "ಆಕೆ ಕೇಳಿದ್ದನ್ನು ಕೊಟ್ಟೆನು. ಮೂವತ್ತು ವರುಷ ಮರ ಕೆತ್ತಿ ಕಲಿತ ವಿದ್ಯೆಯನ್ನು ಪುಕ್ಕಟೆ ಹಂಚಲೋ?" ಎಂದು ಮಿತ್ರನು ಕೇಳಿದನು. ಈ ಮಾತು ಹುರುಳಿಲ್ಲದ್ದಲ್ಲ. 1872ರ ಭಾರತ ಕರಾರು ಕಾಯಿದೆಯ 17ನೆಯ ಕಲಮು ಸಹ ಬರೀ ಮೌನವನ್ನು ಮೋಸವೆಂದು ಎಣಿಸುವುದಿಲ್ಲ. ಆದರೂ ಅದೇ ಕಲಮು ಒಂದು ದೃಷ್ಟಾಂತವನ್ನು ಕೊಡುತ್ತದೆ: ದೋಷವುಳ್ಳ ಕುದುರೆಯನ್ನು ಹರಾಜಿನಲ್ಲಿ ಪರರಿಗೆ ಮಾರುವವನು ಸುಮ್ಮನಿದ್ದರೆ ಮೋಸವಲ್ಲ, ಈಗತಾನೇ ಪ್ರಾಯಕ್ಕೆ ಬಂದ ಸ್ವಂತ ಮಗಳಿಗೆ ಮಾರುವುದಾದರೆ ಹೇಳುವ ಹೊಣೆಯುಂಟು. ಹಾಗಾದರೆ ನಮ್ಮನ್ನು ಅಪ್ಪಾ ಎಂದು ಕರೆದು, ಕುಡಿಯಲಿಕ್ಕೆ ಮಜ್ಜಿಗೆ ಕೊಟ್ಟ ಆ ಮುದುಕಿಯು ನಮಗೆ ಯಾರು? ಪರಳೋ?

ರೋಮಾಪುರದ ಸಿಸೆರೋ ಎಂಬ ಪಂಡಿತನು ಕ್ರಿಸ್ತಪೂರ್ವ 44ರಲ್ಲಿ ತನ್ನ ಮಗನಿಗಾಗಿ ಬರೆದ ಗ್ರಂಥದಲ್ಲಿ ಈ ಪ್ರಶ್ನೆಯೇ ಬರುತ್ತದೆ. ಬಂಗಾರವನ್ನು ಹಿತ್ತಾಳೆಯೆಂದು ನಂಬಿ ಮಾರುವವನಿಗೆ ಸಜ್ಜನನು ನಿಜವನ್ನು ಹೇಳಬೇಕೋ, ಸಾವಿರದ ಒಡವೆಯನ್ನು ಒಂದಕ್ಕೆ ಕೊಳ್ಳಬಹುದೋ ಎಂದು ಪಂಡಿತರು ಎರಡು ಪಕ್ಷವಾಗಿ ವಾದಿಸಿದರು. ಸಿಸೆರೋ ಹೇಳಬೇಕೆಂಬವರ ಪಕ್ಷದವನು. ನಮ್ಮ ಮಿತ್ರನಾದರೋ ಮತ್ತಾಯನ 13ನೆಯ ಅಧ್ಯಾಯದಲ್ಲಿ ನಿಧಿಯನ್ನು ಬಚ್ಚಿಟ್ಟು ಹೊಲವನ್ನು ಕೊಂಡವನನ್ನು ಸಾಕ್ಷಿಗೆ ಕರೆದನು. ಆ ಸಾಮ್ಯವು ಪರಲೋಕರಾಜ್ಯದ ಬೆಲೆಯನ್ನು ತಿಳಿಸುತ್ತದೆ ಹೊರತು ಹೊಲ ಕೊಳ್ಳುವ ರೀತಿಯನ್ನಲ್ಲ. ವ್ಯಾಪಾರದ ರೀತಿಗಾದರೆ ಜ್ಞಾನೋಕ್ತಿಗಳ 20ನೆಯ ಅಧ್ಯಾಯವುಂಟು. ಕೊಳ್ಳುವಾಗ ವಸ್ತುವನ್ನು ಹಳಿದು, ಹೋದ ಮೇಲೆ ಹಿಗ್ಗುವವನು ಅಲ್ಲಿ ನಿಂತಿದ್ದಾನೆ.

ನಮಗೆ ತೋರುವುದೇನಂದರೆ, ಅಂಗಡಿ ಇಟ್ಟು ಕೂತ ಗುಜರಿಯವನೂ ಹರಾಜು ಕೂಗುವವನೂ ತಮ್ಮ ಸರಕನ್ನು ತಾವೇ ಅರಿಯಬೇಕಾದವರು. ಅವರಲ್ಲಿ ಕಣ್ಣುಳ್ಳವನು ಲಾಭಪಟ್ಟರೆ ದೋಷವೆನ್ನಲಾರೆವು. ಸಾವಿನ ಮನೆಯಲ್ಲಿ ಅವಸರದಿಂದ ಮಾರುವವರು ಬೇರೆ. ವಿದ್ಯೆಗೆ ಕೂಲಿ ಬೇಕಾದರೆ ಕೂಲಿಯೆಂದೇ ಕೇಳಬಹುದಿತ್ತು: ಇದು ಬೆಲೆಯುಳ್ಳದ್ದು, ಮಾರಿಸಿಕೊಡುತ್ತೇನೆ, ನನಗೆ ಇಷ್ಟು ಪಾಲು. ಕಟ್ಟೆಗೆ ಹಾಕಬಹುದೆಂಬ ಮಾತು ಸುಳ್ಳಲ್ಲ, ಹಾಕಬಹುದು. ಆದರೂ ಆಕೆಯ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲವೆಂದು ನಾವಿಬ್ಬರೂ ಬಲ್ಲೆವು.

ಮಾರುವ ವಾಚಕರಿಗೂ ಒಂದು ಮಾತು. ಹೆಸರಾಗಲಿ ಇಸವಿಯಾಗಲಿ ಕೊರೆದಿರುವ ಯಾವುದನ್ನೂ ಇಬ್ಬರಿಗೆ ತೋರಿಸದೆ ತಕ್ಕಡಿಗೆ ಹಾಕಬೇಡಿರಿ; ಹುಣಿಸೆಹಣ್ಣಿನಿಂದ ಉಜ್ಜಿ ಹೊಸದಾಗಿ ಮಾಡಲೂ ಬೇಡಿರಿ.

ಮಿತ್ರನು ಮೇಜನ್ನು ಕೂಡಿಸಿ ಮಾರಿದನು. ಹೊರಲು ಕೈಕೊಟ್ಟದ್ದಕ್ಕೆಂದು ನಮಗೂ ಒಂದಿಷ್ಟು ಕೊಟ್ಟನು. ಆ ಹಣವನ್ನು ನಾವು ಎರಡು ತಿಂಗಳು ಇಟ್ಟುಕೊಂಡಿದ್ದು, ಕಡೆಗೆ ಕೆಂಗೇರಿಗೆ ಹೋಗಿ ಆಕೆಯ ಕೈಗಿತ್ತು ನಡೆದದ್ದನ್ನೆಲ್ಲಾ ಹೇಳಿದೆವು. ಆಕೆ ಎಣಿಸಿ ಸೆರಗಿಗೆ ಕಟ್ಟಿಕೊಂಡಳು. "ಅವತ್ತೇ ಹೇಳಿದ್ದರೆ ಮಳೆಗೆ ಮುಂಚೆ ಕೊಟ್ಟಿಗೆಯ ಸೂರು ಹೊದಿಸುತ್ತಿದ್ದೆ" ಎಂದಳು. ಕೊಟ್ಟಿಗೆಯ ಒಂದು ಗೋಡೆಯು ಆಗಲೇ ಬಿದ್ದಿತ್ತು.