ಅರ್ಧ ತಾಸಿಗೊಂದು ಬಸ್ಸು

ಅಮ್ಮಿಯ ಮಾತನ್ನು ನಾನು ಬಹಳ ವರ್ಷ ನಂಬಿರಲಿಲ್ಲ. ಸುಳ್ಳು ಹೇಳುತ್ತಾಳೆ ಎಂದಲ್ಲ, ಸ್ವಲ್ಪ ಹೆಚ್ಚಿಗೆ ಹೇಳುತ್ತಾಳೆ ಎಂದುಕೊಂಡಿದ್ದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ನಮ್ಮ ಬಳಗವೆಲ್ಲ ಹರಡಿರುವುದು ಈ ಊರುಗಳಲ್ಲೇ. ಶಾದಿಯಿರಲಿ, ಮಯ್ಯತ್ತಿರಲಿ, ಅಮ್ಮಿ ಬಸ್ಸು ಹತ್ತಲೇಬೇಕು. ಪ್ರತಿ ಸಲ ಮನೆಗೆ ಬಂದು ಬುರ್ಖಾ ಗೂಟಕ್ಕೆ ಹಾಕುತ್ತ ಅದೇ ದೂರು: "ನಾನು ಹೋದಾಗಲೇ ಬಸ್ಸು ಇರುವುದಿಲ್ಲ. ಕ್ಯಾ ಕರ್ನಾ ಬೇಟಾ, ಮೇರಾ ನಸೀಬಚ್ ಐಸಾ."

ಒಂದು ದಿನ ವಿಚಾರಿಸಿಯೇ ಬಿಡೋಣ ಎಂದು ನಿಲ್ದಾಣದ ಕಿಟಕಿಗೆ ಹೋದೆ. ಯಾವ ಊರಿನದು ಎಂದು ಹೇಳುವುದಿಲ್ಲ. ಅಲ್ಲಿದ್ದವರ ತಪ್ಪೇನೂ ಇರಲಿಲ್ಲ. ಅವರು ಸೌಜನ್ಯದಿಂದಲೇ ಪುಸ್ತಕ ತೆರೆದು ತೋರಿಸಿದರು. "ತಾಸಿಗೆ ಎರಡು ಗಾಡಿ ಅದಾವ್ರೀ ಸರ. ಅರ್ಧ ತಾಸಿಗೊಂದು ಬಿದ್ದಂಗಾತು." ನಿಜವೇ ಇತ್ತು. ಅರ್ಧ ತಾಸಿಗೊಂದು ಬಸ್ಸೆಂದರೆ, ಯಾವಾಗ ಹೋದರೂ ಸರಾಸರಿ ಕಾಯುವುದು ಹದಿನೈದು ನಿಮಿಷ. ಮನೆಗೆ ಬಂದು ಅಮ್ಮಿಗೆ ಲೆಕ್ಕ ಒಪ್ಪಿಸಿದೆ. ಅವಳು ಏನೂ ಅನ್ನದೆ ತಸ್ಬೀಹ್ ಕೈಗೆತ್ತಿಕೊಂಡಳು. ಗೆದ್ದೆನೆಂದು ನಾನು ತಿಳಿದೆ.

ಲೆಕ್ಕ ತಪ್ಪಿತ್ತು. ಅದು ತಿಳಿದದ್ದು ಎಷ್ಟೋ ಕಾಲದ ನಂತರ.

ತಾಸಿಗೆ ಎರಡು ಬಸ್ಸು ಸರಿ. ಆದರೆ ಅವು ಯಾವಾಗ ಬರುತ್ತವೆ? ಹತ್ತು ಗಂಟೆಗೊಂದು, ಹತ್ತೂ ಹತ್ತಕ್ಕೆ ಇನ್ನೊಂದು ಎನ್ನಿ. ಆಮೇಲೆ ಹನ್ನೊಂದಕ್ಕೇ. ನಡುವಿನ ಅಂತರ ಒಮ್ಮೆ 10 ನಿಮಿಷ, ಒಮ್ಮೆ 50 ನಿಮಿಷ. ಸರಾಸರಿ ತೆಗೆದರೆ 30. ಕಿಟಕಿಯಲ್ಲಿದ್ದವರು ಹೇಳಿದ್ದು ಇದನ್ನೇ. ಈಗ ಅಮ್ಮಿಯ ಕಡೆಯಿಂದ ನೋಡಿ. ಅವಳು ವೇಳಾಪಟ್ಟಿ ನೋಡಿ ಹೊರಡುವವಳಲ್ಲ, ಮನೆಗೆಲಸ ಮುಗಿದಾಗ ಹೊರಡುವವಳು. ತಾಸಿನ 60 ನಿಮಿಷಗಳಲ್ಲಿ 50 ನಿಮಿಷ ಆ ದೊಡ್ಡ ಅಂತರದ್ದೇ. ಹಾಗಾಗಿ ಆರು ಸಲ ಹೋದರೆ ಸುಮಾರು ಐದು ಸಲ ಅವಳು ಕಾಲಿಡುವುದು ದೊಡ್ಡ ಅಂತರದಲ್ಲಿ. ಅಲ್ಲಿ ಸರಾಸರಿ 25 ನಿಮಿಷ ಕಾಯಬೇಕು. ಸಣ್ಣ ಅಂತರದಲ್ಲಿ ಬಿದ್ದರೆ ಬರೀ 5 ನಿಮಿಷ. ಐದು ಇಪ್ಪತ್ತೈದು ಮತ್ತು ಒಂದು ಐದು ಕೂಡಿಸಿ ಆರರಿಂದ ಭಾಗಿಸಿದರೆ 21 ನಿಮಿಷ 40 ಸೆಕೆಂಡು. ನಾನು ಹೇಳಿದ ಹದಿನೈದಲ್ಲ.

ದೊಡ್ಡ ಅಂತರ ದೊಡ್ಡದಾಗಿರುವುದರಿಂದಲೇ ಅದರೊಳಗೆ ಹೆಚ್ಚು ಜನ ಸಿಕ್ಕಿಬೀಳುತ್ತಾರೆ, ಅಷ್ಟೇ. ಸಂಭವನೀಯತೆಯ ಗಣಿತದಲ್ಲಿ ಇದಕ್ಕೆ ಇನ್‌ಸ್ಪೆಕ್ಷನ್ ಪ್ಯಾರಡಾಕ್ಸ್ ಎಂಬ ಹೆಸರೂ ಇದೆ.

ಬಸ್ಸುಗಳು ಜೋಡಿಯಾಗಿ ಬರುವುದಕ್ಕೂ ಕಾರಣವಿದೆ. ನಮ್ಮ ಕಡೆ ಕಬ್ಬಿನ ಹಂಗಾಮು ಶುರುವಾಯಿತೆಂದರೆ ರಸ್ತೆಯ ತುಂಬ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು. ಅವುಗಳ ಹಿಂದೆ ಸಿಕ್ಕ ಬಸ್ಸು ತಡವಾಗುತ್ತದೆ. ತಡವಾದಷ್ಟೂ ಮುಂದಿನ ನಿಲ್ದಾಣದಲ್ಲಿ ಜನ ಕೂಡಿರುತ್ತಾರೆ, ಅವರನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಇನ್ನಷ್ಟು ತಡ. ಹಿಂದಿನ ಬಸ್ಸಿಗೆ ಜನವೇ ಇಲ್ಲ, ಅದು ಓಡೋಡಿ ಬಂದು ಮುಂದಿನದರ ಬೆನ್ನಿಗೆ ಹತ್ತುತ್ತದೆ. ಯಾರ ಕೆಟ್ಟತನವೂ ಇದರಲ್ಲಿಲ್ಲ.

ಶಾಲೆಗಳಲ್ಲಿಯೂ ಇದೇ ಕತೆ. ಒಂದು ತರಗತಿಯಲ್ಲಿ 10 ಮಕ್ಕಳು, ಇನ್ನೊಂದರಲ್ಲಿ 50 ಇದ್ದರೆ ಹಾಜರಿ ಪುಸ್ತಕ ಸರಾಸರಿ 30 ಎನ್ನುತ್ತದೆ. ಮಕ್ಕಳನ್ನೇ ಒಬ್ಬೊಬ್ಬರಾಗಿ ಕೇಳಿ, ಅರವತ್ತರಲ್ಲಿ ಐವತ್ತು ಮಂದಿ "ನಮ್ಮ ಕೋಣೆಯಲ್ಲಿ ಐವತ್ತು" ಎನ್ನುತ್ತಾರೆ. ಅವರ ಸರಾಸರಿ 43 ದಾಟುತ್ತದೆ. ಸ್ಕಾಟ್ ಫೆಲ್ಡ್ ಮತ್ತು ಬರ್ನಾರ್ಡ್ ಗ್ರೋಫ್‌ಮನ್ ಎಂಬಿಬ್ಬರು 1977ರಲ್ಲಿಯೇ ಇದರ ಬಗ್ಗೆ ಬರೆದಿದ್ದಾರೆ. 30 ಕೂಡ ಸತ್ಯ, 43 ಕೂಡ ಸತ್ಯ. ಒಂದು ಕೋಣೆಗಳನ್ನು ಎಣಿಸಿದ ಸತ್ಯ, ಇನ್ನೊಂದು ಮಕ್ಕಳನ್ನು ಎಣಿಸಿದ ಸತ್ಯ. ವರದಿಯಲ್ಲಿ ಯಾವುದು ಹೋಗಬೇಕೆಂದು ಗಣಿತ ಹೇಳುವುದಿಲ್ಲ. ಅದನ್ನು ನಿರ್ಧರಿಸುವವರು ನಾವು, ಮತ್ತು ಕೂಡಲು ಜಾಗವಿಲ್ಲದ ಹುಡುಗನನ್ನು ಆ ಹೊತ್ತಿನಲ್ಲಿ ಯಾರೂ ಕೇಳಿರುವುದಿಲ್ಲ.

ಹಾಗೆಂದು ಸರಾಸರಿಯನ್ನು ಬೈಯುವುದೂ ನ್ಯಾಯವಲ್ಲ. ಕಬ್ಬನ್ನೇ ತೆಗೆದುಕೊಳ್ಳಿ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ಗೊತ್ತುಪಡಿಸಿದ ದರ ಕ್ವಿಂಟಲ್ಲಿಗೆ 355 ರೂಪಾಯಿ, ಅದೂ ಶೇ. 10.25 ರಿಕವರಿ ಇದ್ದರೆ. ಎಂದರೆ ನೂರು ಕಿಲೋ ಕಬ್ಬಿಗೆ ಹತ್ತೂಕಾಲು ಕಿಲೋ ಸಕ್ಕರೆ. ಈ ರಿಕವರಿ ಇಡೀ ಕಾರ್ಖಾನೆಯ ಸರಾಸರಿ, ಒಬ್ಬೊಬ್ಬ ರೈತನ ಕಬ್ಬಿನದಲ್ಲ. ಒಳ್ಳೆಯ ಕಬ್ಬು ಬೆಳೆದವನು ಇಲ್ಲಿ ಒಂದಿಷ್ಟು ಕಳೆದುಕೊಳ್ಳುತ್ತಾನೆ. ಆದರೆ ನೀರು ಸಾಲದೆ, ನೆಲ ಸವಳಾಗಿ ಸೋತವನಿಗೆ ಅದೇ ಸರಾಸರಿ ಆಸರೆಯಾಗುತ್ತದೆ. ಬಸ್ಸಿನ ಸರಾಸರಿ ಅಮ್ಮಿಯ ಕಷ್ಟವನ್ನು ಮುಚ್ಚಿಟ್ಟಿತು, ಇದು ಕಷ್ಟವನ್ನು ಹಂಚುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ.

ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನ ಅಲ್ ಖ್ವಾರಿಜ್ಮಿ ಅಲ್ ಜಬ್ರ್ ಪುಸ್ತಕ ಬರೆದಾಗ ಅದರ ದೊಡ್ಡ ಭಾಗವನ್ನು ಕೊಟ್ಟದ್ದು ವಸಿಯ್ಯತ್ತು ಮತ್ತು ವಾರಸು ಹಂಚಿಕೆಯ ಲೆಕ್ಕಗಳಿಗೆ. ವ್ಯಾಪಾರ, ತಂಟೆ ತಕರಾರು, ಕಾಲುವೆ ತೋಡುವುದು, ಇವೆಲ್ಲಕ್ಕೂ ಇದು ಬೇಕಾಗುತ್ತದೆ ಎಂದು ಮುನ್ನುಡಿಯಲ್ಲೇ ಹೇಳಿದ್ದಾನೆ. ಆ ವಾರಸಿನ ಲೆಕ್ಕದಲ್ಲಿ ಸರಾಸರಿಗೆ ಜಾಗವೇ ಇಲ್ಲ. ತಾಯಿಗೆ ಎಷ್ಟು, ಮಗಳಿಗೆ ಎಷ್ಟು, ಪ್ರತಿಯೊಬ್ಬರ ಪಾಲೂ ಬೇರೆ ಬೇರೆ ಬರಬೇಕು.

ನನ್ನನ್ನು ಕಾಡುವುದು ನಸೀಬಿನ ಪ್ರಶ್ನೆ. ಸಬರ್ ದೊಡ್ಡ ಗುಣ, ಅಮ್ಮಿಯಲ್ಲಿ ಅದು ಬೇಕಾದಷ್ಟಿದೆ. ಆದರೆ ಅವಳು ನಸೀಬು ಎನ್ನುತ್ತಿದ್ದುದರಲ್ಲಿ ವೇಳಾಪಟ್ಟಿಯ ಪಾಲು ಎಷ್ಟಿತ್ತು? ಅದೇ ಎರಡು ಬಸ್ಸುಗಳನ್ನು ಸರಿಯಾಗಿ ಅರ್ಧರ್ಧ ತಾಸಿಗೆ ಬಿಟ್ಟಿದ್ದರೆ ನನ್ನ ಹದಿನೈದು ನಿಮಿಷವೇ ನಿಜವಾಗುತ್ತಿತ್ತು. ಹೊಸ ಗಾಡಿ ಬೇಡ, ಹೊಸ ಡ್ರೈವರ್ ಬೇಡ. ಇಂಥದ್ದನ್ನು ಅಲ್ಲಾಹನ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಸಬರ್ ಆದೀತೇ ಎಂದು ನನಗೆ ಅನುಮಾನ.

ಇಷ್ಟು ತಿಳಿದ ಮೇಲೆ ಅಮ್ಮಿಯ ಬಳಿ ಕುಳಿತು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದೆ, ತಪ್ಪು ನನ್ನದೆಂದೂ ಹೇಳಿದೆ. ಅವಳಿಗೀಗ ಮೊಣಕಾಲು ನೋವು, ಬಸ್ಸು ಹತ್ತುವುದು ನಿಂತಿದೆ. ಹಾಳೆಯನ್ನು ದೂರ ಹಿಡಿದು ನೋಡಿದಳು.

"ಅಂದರೆ ಪ್ರತಿ ಸಲ ಆರೇಳು ನಿಮಿಷ ಹೆಚ್ಚಿಗೆ ನಿಂತೆ ಅನ್ನು."

"ಹೌದು ಅಮ್ಮಿ. ಆರು ನಿಮಿಷ ನಲವತ್ತು ಸೆಕೆಂಡು."

"ಇದನ್ನು ಆ ಕಿಟಕಿಯವರಿಗೆ ತೋರಿಸಿದಿಯಾ?"

ಇಲ್ಲ ಎಂದೆ. ಹಾಳೆಯನ್ನು ಮಡಚಿ ನನ್ನ ಕೈಗೇ ಕೊಟ್ಟಳು.