ಹಗೆಗೆ ಕೊಟ್ಟ ಮಾತು

ಮೈಸೂರಿನ ಲಷ್ಕರ್ ಮೊಹಲ್ಲಾದ ಹೆಸರಿನಲ್ಲಿ ದಂಡಿನ ನೆನಪು ಅಡಗಿದೆ. ಪಾರಸಿಯಲ್ಲಿ ಲಷ್ಕರ್ ಎಂದರೆ ಸೈನ್ಯ. ಹೆಸರು ಸೈನ್ಯದ್ದಾದರೂ ಬಾಳು ನೆರೆಹೊರೆಯದು. ಸಮೀಪದ ಅಶೋಕ ರಸ್ತೆಯಲ್ಲಿ, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲನ್ನಿಟ್ಟ ಸಂತ ಫಿಲೋಮಿನಾ ಇಗರ್ಜಿಯ ಜೋಡಿ ಗೋಪುರಗಳಿವೆ. ಭಿನ್ನಮತದವರು ಒಬ್ಬರ ಮಾತನ್ನೊಬ್ಬರು ನಂಬಿ ನಡೆಯುವುದು ಇಂತಹ ಬೀದಿಗಳಲ್ಲಿ ಸಹಜವೆಂದು ತೋರುತ್ತದೆ. ಆದರೆ ಪರಮತದ ಹಗೆಗೆ ಕೊಟ್ಟ ಮಾತು ಧರ್ಮವಾಗಿ ಕಟ್ಟುವುದೇ ಎಂಬ ಪ್ರಶ್ನೆಯು ಹಿಂದೆ ರಣರಂಗದಲ್ಲಿಯೇ ಎದ್ದಿತು.

ಶಿಲುಬೆಯ ಯುದ್ಧಗಳ ಕಾಲದಲ್ಲಿ, 1187ರಲ್ಲಿ, ಸುಲ್ತಾನ ಸಲಾಹುದ್ದೀನನು ಸೆರೆಸಿಕ್ಕ ಕ್ರೈಸ್ತ ಸಂಘಗಳ ಯೋಧರನ್ನು ಕೊಲ್ಲಿಸಿದನು. 1191ರಲ್ಲಿ ಇಂಗ್ಲೆಂಡಿನ ರಿಚರ್ಡ್ ದೊರೆಯು ಏಕರ್ ಪಟ್ಟಣದ ಬಳಿ ಎರಡು ಸಾವಿರಕ್ಕೂ ಮೇಲ್ಪಟ್ಟ ಸೆರೆಯಾಳುಗಳನ್ನು ಕಡಿಸಿದನು. ಇವರಿಬ್ಬರೇ 1192ರ ಸೆಪ್ಟೆಂಬರಿನಲ್ಲಿ ಜಾಫಾ ಒಪ್ಪಂದಕ್ಕೆ ಬಂದರು. ಜೆರೂಸಲೇಮು ಸುಲ್ತಾನನಲ್ಲಿ ಉಳಿಯಿತು. ಕರಾವಳಿಯ ಪಟ್ಟಣಗಳು ಕ್ರೈಸ್ತರಿಗೆ ಸಂದವು. ನಿರಾಯುಧರಾಗಿ ಬರುವ ಕ್ರೈಸ್ತ ಯಾತ್ರಿಕರಿಗೆ ಪುಣ್ಯಕ್ಷೇತ್ರದ ದಾರಿ ತೆರೆಯಿತು.

ಕನ್ನಡನಾಡಿಗೂ ಇಂತಹುದೊಂದು ಕಥೆಯುಂಟು. ಬಹಮನೀ ಸುಲ್ತಾನ ಒಂದನೆಯ ಮಹಮ್ಮದ ಷಾಹನಿಗೂ ವಿಜಯನಗರದ ಬುಕ್ಕರಾಯನಿಗೂ 1366ರ ಸುಮಾರಿಗೆ ಘೋರ ಯುದ್ಧವಾಯಿತು. ಎರಡು ಶತಮಾನಗಳಿಗೂ ಹೆಚ್ಚು ಕಾಲದ ಮೇಲೆ ಬರೆದ ಫಿರಿಸ್ತನ ಪ್ರಕಾರ, ಮುದಗಲ್ಲಿನ ಕಾವಲುಪಡೆ ಹತವಾದಾಗ ಸುಲ್ತಾನನು ಲಕ್ಷ ಜನರನ್ನು ಕೊಲ್ಲುವೆನೆಂದು ಆಣೆಯಿಟ್ಟನು. ಕಡೆಗೆ ಸಂಧಿಗೆ ಬಂದ ವಿಜಯನಗರದ ರಾಯಭಾರಿಗಳು, ಅಪರಾಧಿಗಾಗಿ ನಿರಪರಾಧಿಯನ್ನು, ವಿಶೇಷವಾಗಿ ಹೆಂಗಸರನ್ನೂ ಮಕ್ಕಳನ್ನೂ, ದಂಡಿಸಲು ಯಾವ ಮತವೂ ಹೇಳದೆಂದರು. ಸುಲ್ತಾನನ ಮನಸ್ಸು ಕರಗಿತು. ಗೆದ್ದ ಬಳಿಕ ಹಗೆಯೊಬ್ಬನನ್ನೂ ಕೊಲ್ಲುವುದಿಲ್ಲವೆಂದೂ, ತನ್ನ ಸಂತತಿಯನ್ನೂ ಇದಕ್ಕೆ ಕಟ್ಟುವೆನೆಂದೂ ಅವನು ಮಾತು ಕೊಟ್ಟನು.

ಇದು ದಣಿದವರ ಸಂಧಿಯೇ ಹೊರತು ಧರ್ಮವಲ್ಲವೆಂದು ಆಕ್ಷೇಪಿಸಬಹುದು. ರಿಚರ್ಡನು ರೋಗಿಯಾಗಿದ್ದನು, ಸಲಾಹುದ್ದೀನನ ಸೈನ್ಯವು ಬಳಲಿತ್ತು ಎಂಬುದು ದಿಟ. ಆದರೆ ಮಾತು ಯಾವ ಕಾರಣದಿಂದ ಹುಟ್ಟಿತೆಂಬುದು ಬೇರೆ, ಹುಟ್ಟಿದ ಮೇಲೆ ಅದಕ್ಕೆ ಯಾವ ಬಲವಿದೆಯೆಂಬುದು ಬೇರೆ. ಬಡತನದಿಂದ ಸಾಲ ಮಾಡಿದವನೂ ಸಾಲವನ್ನು ತೀರಿಸಬೇಕಷ್ಟೆ.

ಇನ್ನೊಂದು ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು: ಆ ಮಾತು ಉಳಿಯಲಿಲ್ಲವಲ್ಲ! ಮುಂದಿನ ಶತಮಾನದ ಆದಿಯಲ್ಲಿ ಅಹಮದ ಷಾಹನು ವಿಜಯನಗರದ ಸೀಮೆಯಲ್ಲಿ ಹೆಂಗಸರು ಮಕ್ಕಳೆನ್ನದೆ ಕೊಲ್ಲಿಸಿದನು. ಆದರೆ ಈ ದುಷ್ಕೃತ್ಯವನ್ನು ಬರೆಯುವಾಗ ಫಿರಿಸ್ತನು ಇದು ಹಿಂದಿನ ಒಡಂಬಡಿಕೆಗೆ ವಿರುದ್ಧವೆಂದು ಸ್ಪಷ್ಟವಾಗಿ ಹೇಳುತ್ತಾನೆ. ದಕ್ಷಿಣದ ಸುಲ್ತಾನರ ಆಶ್ರಯದಲ್ಲಿದ್ದ ಮುಸಲ್ಮಾನ ಚರಿತ್ರಕಾರನು, ಹಿಂದೂಗಳಿಗೆ ಕೊಟ್ಟ ಮಾತನ್ನು ಮುರಿದುದಕ್ಕಾಗಿ ಮುಸಲ್ಮಾನ ಸುಲ್ತಾನನ ಮೇಲೆ ತಪ್ಪು ಹೊರಿಸುತ್ತಾನೆ. ಆ ಮಾತೇ ಇಲ್ಲದಿದ್ದರೆ ಆ ಕೊಲೆಗಳು ಬರಿಯ ವಿಜಯವೆಂದೇ ಎಣಿಕೆಯಾಗುತ್ತಿದ್ದುವು. ಮುರಿದ ಮಾತು ಸತ್ತವರನ್ನು ಕಾಯಲಿಲ್ಲ. ಆದರೆ ಕೊಂದವನನ್ನು ಅಳೆಯುವ ಕೋಲಾಗಿ ಉಳಿಯಿತು. ಸತ್ತವರ ಪಾಲಿಗೆ ಇದು ಅಲ್ಪವೇ, ಅದನ್ನು ಮರೆಯಲಾಗದು.

ಸ್ನೇಹಿತರೊಳಗಿನ ಮಾತನ್ನು ಪ್ರೀತಿಯೇ ಕಾಯುತ್ತದೆ. ಹಗೆಗೆ ಕೊಟ್ಟ ಮಾತಿಗೆ ಕೊಟ್ಟವನ ಧರ್ಮವೊಂದೇ ಕಾವಲು. ಆದುದರಿಂದ ಮನುಷ್ಯನ ಸತ್ಯವು ಪರೀಕ್ಷೆಗೆ ನಿಲ್ಲುವುದು ಅಲ್ಲಿಯೇ. ದಂಡಿನ ಹೆಸರನ್ನು ಹೊತ್ತ ಬೀದಿಯಲ್ಲಿ ಇಂದು ಮಕ್ಕಳು ನಿರ್ಭಯವಾಗಿ ಆಡುವುದಾದರೆ, ಅದು ಅಂತಹ ಮಾತುಗಳನ್ನು ಉಳಿಸಿಕೊಂಡವರ ಋಣ.