ಕೆಚ್ಚಲ ಉಣ್ಣೆ, ನೆರೆಯ ಕೊಟ್ಟಿಗೆ

ಉಣ್ಣೆಯನ್ನು ಕೊಲ್ಲುವುದು ಪಾಪವೇ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ದನ ಕಟ್ಟಿದವರನ್ನು ಈ ಪ್ರಶ್ನೆ ಹೆಚ್ಚು ಕಾಡದು. ನೆತ್ತರು ಹೀರಿ ಥೈಲೇರಿಯಾ, ಬೆಬೇಸಿಯಾದಂಥ ರೋಗ ಹರಡುವ ಜೀವಿಯ ಎದುರು ಅವರು ದನದ ಪರ ನಿಲ್ಲುತ್ತಾರೆ, ನಾನೂ ಅಷ್ಟೆ. ನನ್ನನ್ನು ಕಾಡುವುದು ಇನ್ನೊಂದು ಪ್ರಶ್ನೆ: ನಾವು ಕೊಲ್ಲುವ ರೀತಿಗೆ ಬೆಲೆ ತೆರುವವರು ಯಾರು?

ಮೈಮೇಲೆ ಕಾಣುವ ಉಣ್ಣೆ ಒಂದು ಪಾಲು ಮಾತ್ರ. ರಕ್ತ ಕುಡಿದು ಉಬ್ಬಿದ ಹೆಣ್ಣು ಕಳಚಿ ಬಿದ್ದು, ನೆಲದಲ್ಲೋ ಗೋಡೆಯ ಬಿರುಕಿನಲ್ಲೋ ಸಾವಿರಾರು ಮೊಟ್ಟೆ ಇಡುತ್ತದೆ. ಮರಿಗಳು ಕಾದು ಕುಳಿತು, ಯಾರ ದನ ಬಂದರೂ ಹತ್ತುತ್ತವೆ. ಭಾರತ ಹುಣ್ಣಿಮೆಗೆ ಚಕ್ಕಡಿ ಹೂಡಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಬಂದ ಹತ್ತೂರಿನ ಎತ್ತುಗಳು ಅಕ್ಕಪಕ್ಕ ನಿಲ್ಲುತ್ತವೆ. ಉಣ್ಣೆಗೆ ಬದುವೂ ಇಲ್ಲ, ತಾಲ್ಲೂಕಿನ ಗಡಿಯೂ ಇಲ್ಲ.

ಉಳಿತಾಯಕ್ಕೆಂದು ಡೆಲ್ಟಾಮೆಥ್ರಿನ್‌ಗೆ ಹೆಚ್ಚು ನೀರು ಬೆರೆಸಿ ಹೊಡೆದರೆ ದುರ್ಬಲ ಉಣ್ಣೆ ಸಾಯುತ್ತದೆ, ತಡೆದುಕೊಂಡದ್ದು ಮೊಟ್ಟೆ ಇಡುತ್ತದೆ. ಪೀಳಿಗೆಗಳು ಕಳೆದಂತೆ ಔಷಧವೇ ನಾಟದಾಗುತ್ತದೆ, ಸರಿಯಾಗಿ ಬಳಸಿದ ನೆರೆಯವನಿಗೂ. ಬಾಟಲಿ ನನ್ನದಿರಬಹುದು, ಔಷಧದ ಕಸುವು ಗೋಮಾಳದಂತೆ ಊರಿನ ಸೊತ್ತು.

ಹಾಗೆಂದು ಒಂದೇ ಆಕಳು ಸಾಕಿದ ಬಡವಳನ್ನು ದೂರುವುದು ನ್ಯಾಯವಲ್ಲ. ಅವಳ ಪಾಲಿನ ಔಷಧವನ್ನು ಊರೇ ಭರಿಸಿ, ಎಲ್ಲ ಕೊಟ್ಟಿಗೆಗೂ ಒಟ್ಟಿಗೆ, ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಸಿಂಪಡಿಸುವುದು, ಗೋಡೆಯ ಬಿರುಕು ಮುಚ್ಚುವುದು ದಯೆಯೂ ಹೌದು, ಜಾಣತನವೂ ಹೌದು.

ಕೆಚ್ಚಲಲ್ಲಿದ್ದೂ ಹಾಲಿನ ರುಚಿ ಅರಿಯದ ಉಣ್ಣೆಯನ್ನು ನಾವು ಹಂಗಿಸುತ್ತ ಬಂದಿದ್ದೇವೆ. ಊರಲ್ಲಿದ್ದೂ ನೆರೆಯ ಕೊಟ್ಟಿಗೆ ಕಾಣದವರನ್ನು ಏನೆನ್ನೋಣ?